ಪೋಷಕರಿಗೆ ಸರ್ವೆ ಕಳಿಸಿದರೆ ಸಾಕಾ?

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಹೈಸ್ಕೂಲಿಗೆ ಎಥ್ನಿಕ್ ಸ್ಟಡೀಸ್ (ಬೇರೆ ಬೇರೆ ಜನಾಂಗಗಳ ಇತಿಹಾಸ, ಸಂಸ್ಕೃತಿಯ ಪಾಠ) ಕೋರ್ಸ್ ರೂಪಿಸುತ್ತಿದ್ದೀರಿ, ಊರಿನವರಿಗೆ ಏನು ಬೇಕು ಅಂತ ತಿಳಿಯಲು ಪೋಷಕರಿಗೆ ಸರ್ವೆ ಕಳಿಸಿದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗಲ್ಲ.

ಶಾಲೆಯ ದಾಖಲೆಯನ್ನು ಪೂರ್ತಿ ನಂಬಬೇಡಿ. ಅದರಲ್ಲಿ ‘ಹಿಸ್ಪಾನಿಕ್’ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಎಂದಿರುವ ಹುಡುಗಿಯ ಮನೆಮಾತು ಮಿಶ್ಟೆಕೊ ಎಂಬ ಮೂಲನಿವಾಸಿ ಭಾಷೆ ಇರಬಹುದು. ಮೆಕ್ಸಿಕೊದ ಒಹಾಕಾದಿಂದ ಬಂದ ಅವಳ ಅಮ್ಮನಿಗೆ ಸ್ಪ್ಯಾನಿಷ್ ಫಾರ್ಮ್ ಕೂಡ ಪರಭಾಷೆಯದೇ. ‘ಏಷ್ಯನ್’ ಎಂಬ ಒಂದೇ ಖಾನೆಯಲ್ಲಿ ಹ್ಮಾಂಗ್ (ಲಾವೋಸ್ ಕಡೆಯ ಗುಡ್ಡಗಾಡು ಜನ), ಪಂಜಾಬಿ, ಫಿಲಿಪಿನೊ ಎಲ್ಲರೂ ಸೇರಿಬಿಡುತ್ತಾರೆ. ಇವರ ಕಥೆಗಳು ಬೇರೆ ಬೇರೆ ಅಲ್ವಾ?

ಹಾಗಾಗಿ ಜನ ಸೇರುವ ಕಡೆಗೆ ನೀವೇ ಹೋಗಿ. ಸೆಂಟ್ರಲ್ ವ್ಯಾಲಿಯದೇ ಊರಾದ ಸ್ಟಾಕ್ಟನ್‌ನಲ್ಲಿ 1912ರಿಂದ ಗುರುದ್ವಾರ ಇದೆ. ಅಂಥ ಕಡೆ ಭಾನುವಾರ ಒಂದು ಗಂಟೆ ಕೂತರೆ ನೂರು ಫಾರ್ಮ್‌ಗಿಂತ ಜಾಸ್ತಿ ತಿಳಿಯುತ್ತದೆ. ಆದರೆ ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಸಭೆ ಇಡಬೇಡಿ. ತೋಟದ ಕೆಲಸಕ್ಕೆ ಹೋಗುವವರು ಬರುವುದೇ ಇಲ್ಲ.

‘ನಿಮಗೆ ಏನು ಬೇಕು?’ ಎಂದು ನೇರವಾಗಿ ಕೇಳಿದರೆ ಜನ ಸುಮ್ಮನಾಗುತ್ತಾರೆ. ‘ನಿಮ್ಮ ಮನೆಯ ಯಾವ ಕಥೆ ಮಗುವಿನ ಪಾಠಪುಸ್ತಕದಲ್ಲಿ ಇಲ್ಲ?’ ಎಂದು ಕೇಳಿ ನೋಡಿ, ಮಾತು ತಾನಾಗಿ ಬರುತ್ತದೆ. ಮಕ್ಕಳನ್ನೂ ಕೇಳಿ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಎಥ್ನಿಕ್ ಸ್ಟಡೀಸ್ ಬೇಕೆಂದು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದು ವಿದ್ಯಾರ್ಥಿಗಳೇ.

ಇನ್ನೊಂದು ಮಾತು. 2021ರ ಎಬಿ 101 ಎಂಬ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ (ರಾಜ್ಯ ಹಣ ಕೊಟ್ಟ ಮೇಲಷ್ಟೇ ಇದು ಜಾರಿ), ಸ್ಥಳೀಯವಾಗಿ ರೂಪಿಸಿದ ಕೋರ್ಸನ್ನು ಶಾಲಾ ಮಂಡಳಿ ಮೊದಲು ಒಂದು ಸಾರ್ವಜನಿಕ ಸಭೆಯಲ್ಲಿ ಮಂಡಿಸಬೇಕು. ಜನರ ಮಾತು ಕೇಳಿ ಒಪ್ಪಿಗೆ ಕೊಡುವುದು ಆಮೇಲಿನ ಸಭೆಯಲ್ಲಿ. ಅಲ್ಲಿಯವರೆಗೆ ಕಾಯಬೇಡಿ. ಕರಡು ಇನ್ನೂ ಹಸಿಯಾಗಿರುವಾಗಲೇ ಊರಿನವರ ಕೈಗೆ ಕೊಡಿ.