ಯೂಸುಫ್ರಕ್ಟ್ ಎಂಬ ಪದದ ಅರ್ಥ ಮತ್ತು ಮೂಲ

ಅಜ್ಜನ ಕಾಲದ ತೋಟದ ಪತ್ರವೊಂದರ ಇಂಗ್ಲಿಷ್ ನಕಲಿನಲ್ಲಿ ಕಂಡ ‘ಯೂಸುಫ್ರಕ್ಚುವರಿ ಮಾರ್ಟ್‌ಗೇಜ್’ ಎಂದರೇನು, ಆ ಪದ ಎಲ್ಲಿಂದ ಬಂತು ಎಂದು ತಾವು ಕೇಳಿದ್ದೀರಿ. ತೀರ್ಥಹಳ್ಳಿಯಲ್ಲಿ ಬಹುಕಾಲ ಪತ್ರ ಬರಹಗಾರನಾಗಿದ್ದ ನಾನು ಇದನ್ನು ‘ಭೋಗ್ಯ ಅಡಮಾನ’ ಎಂದು ಬರೆಯುತ್ತಿದ್ದೆ. ಇದಕ್ಕಿಂತ ಒಪ್ಪುವ ಮಾತು ನನಗೆ ಇಂದಿಗೂ ಸಿಕ್ಕಿಲ್ಲ.

ಲ್ಯಾಟಿನ್ನಿನಲ್ಲಿ ‘ಊಸುಸ್’ ಎಂದರೆ ಬಳಕೆ, ‘ಫ್ರುಕ್ತುಸ್’ ಎಂದರೆ ಫಲ. ಈ ಎರಡನೆಯದು ‘ಅನುಭವಿಸು’ ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ನಮ್ಮ ‘ಭೋಗ’ವೂ ಅನುಭವಿಸುವುದನ್ನೇ ಹೇಳುವ ‘ಭುಜ್’ ಧಾತುವಿನದು. ರೋಮನ್ ನ್ಯಾಯಶಾಸ್ತ್ರಜ್ಞ ಪೌಲುಸ್ ಹೇಳಿದ, 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ‘ಇನ್‌ಸ್ಟಿಟ್ಯೂಟ್ಸ್’ನಲ್ಲಿಯೂ ಸೇರಿದ ಲಕ್ಷಣದ ಪ್ರಕಾರ, ಪರರ ಸ್ವತ್ತನ್ನು ಅದರ ಮೂಲಕ್ಕೆ ಊನ ಬಾರದಂತೆ ಬಳಸಿ ಫಲವನ್ನು ಅನುಭವಿಸುವ ಹಕ್ಕೇ ಯೂಸುಫ್ರಕ್ಟ್. ಗಂಡನ ಆಸ್ತಿಯ ಒಡೆತನ ಮಕ್ಕಳಿಗೆ ಹೋದರೂ ವಿಧವೆಯ ಜೀವನ ನಡೆಯಬೇಕೆಂಬ ಕಾಳಜಿಯಿಂದ ರೋಮಿನಲ್ಲಿ ಈ ಏರ್ಪಾಡು ಬೆಳೆಯಿತು.

ನಮ್ಮಲ್ಲಿ ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 58ನೇ ಪ್ರಕರಣವು ಇದನ್ನು ಅಡಮಾನದ ಒಂದು ಬಗೆಯಾಗಿ ಹೇಳುತ್ತದೆ. ಸಾಲ ಕೊಟ್ಟವನು ತೋಟವನ್ನು ಸ್ವಾಧೀನಕ್ಕೆ ಪಡೆದು, ಅದರ ಉತ್ಪತ್ತಿಯನ್ನು ಬಡ್ಡಿಗೋ ಅಸಲಿಗೋ ಎರಡಕ್ಕೂ ಸೇರಿಸಿಯೋ ವಜಾ ಮಾಡಿಕೊಳ್ಳುತ್ತಾನೆ. ಅಡಿಕೆಯ ಗೊನೆ ಇಳಿಸಬಹುದು, ಆದರೆ 76ನೇ ಪ್ರಕರಣದಂತೆ ಸ್ವತ್ತಿಗೆ ಶಾಶ್ವತ ಹಾನಿಯಾಗುವ ಯಾವ ಕೆಲಸವನ್ನೂ ಮಾಡುವಂತಿಲ್ಲ; ಮರ ಕಡಿದು ಮಾರುವ ಮಾತೇ ಇಲ್ಲ. ಚೇಣಿಯೊಡನೆ ಇದನ್ನು ಬೆರೆಸಬಾರದು: ಚೇಣಿದಾರ ಕೊಳ್ಳುವುದು ಮರದ ಮೇಲಿನ ಫಸಲನ್ನು ಮಾತ್ರ, ತೋಟ ಒಡೆಯನ ಕೈಯಲ್ಲೇ ಇರುತ್ತದೆ. ಪದದ ಭಾವಕ್ಕೆ ಇನ್ನೂ ಹತ್ತಿರವಾದದ್ದು ನಮ್ಮ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಬೆಟ್ಟದ ನೆಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 79ನೇ ಪ್ರಕರಣ ಉಳಿಸಿಕೊಟ್ಟಿರುವ ಸವಲತ್ತಿನಿಂದ ತೋಟದವರು ಅಲ್ಲಿ ಸೊಪ್ಪು ತರುತ್ತಾರೆ, ನೆಲ ಅವರದಾಗುವುದಿಲ್ಲ.

ಯೂಸುಫ್ರಕ್ಟ್‌ಗೆ ಎದುರಾದ ಮಾತು ಹಳೆಯ ಕಲ್ಲು-ತಾಮ್ರದ ಶಾಸನಗಳ ‘ಅಷ್ಟಭೋಗ ತೇಜಸ್ವಾಮ್ಯ’, ಅಂದರೆ ಎಂಟು ಬಗೆಯ ಭೋಗವೂ ಸೇರಿದ ಪೂರ್ಣ ಒಡೆತನ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟನ್ನೂ ಬರೆದುಕೊಟ್ಟಾಗ ನೆಲದೊಳಗಿನ ಕಲ್ಲೂ ಹೊಸ ಒಡೆಯನದಾಯಿತು. ಯೂಸುಫ್ರಕ್ಟ್‌ನಲ್ಲಿ ಆ ವಿಸ್ತಾರವಿಲ್ಲ.

ತಮ್ಮ ಪತ್ರ ನಿಜಕ್ಕೂ ಭೋಗ್ಯದ್ದೋ, ಷರತ್ತಿನ ಕ್ರಯದ್ದೋ (ಹಣ ತೀರಿಸಿದರೆ ಸ್ವತ್ತು ಮರಳಿಸಬೇಕೆಂಬ ಷರತ್ತಿನ ಮಾರಾಟ) ಎಂಬುದನ್ನು ಮೂಲ ಕನ್ನಡ ಪ್ರತಿಯಲ್ಲಿ ದಯವಿಟ್ಟು ಪರಿಶೀಲಿಸಿ. ಭೋಗ್ಯವಾಗಿದ್ದರೆ, ಪತ್ರದ ತಾರೀಖಿನಿಂದ 30 ವರ್ಷ ಕಳೆದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ಅಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಸಿಂಗ್ ರಾಮ್ ಮತ್ತು ಶಿಯೋ ರಾಮ್ ನಡುವಣ ಮೊಕದ್ದಮೆಯಲ್ಲಿ, ಹೇಳಿದೆ.