ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್ ತನ್ನ ಕಂಪ್ಯೂಟರಿನಲ್ಲಿ ಯಾವ ಇಪ್ಪತ್ತು ಸ್ಕ್ರಿಪ್ಟ್‌ಗಳನ್ನು ಇಟ್ಟುಕೊಳ್ಳಬೇಕು?

ಇವು ಬೇಕೆಂದು ನೀವು ಸ್ಕ್ರಿಪ್ಟ್‌ಗಳ, ಅಂದರೆ ಕಂಪ್ಯೂಟರ್ ಸಾಲುಸಾಲಾಗಿ ನಡೆಸುವ ಆದೇಶಗಳ ಫೈಲುಗಳ, ಒಂದು ಪಟ್ಟಿಯನ್ನೂ ಕಳಿಸಿದ್ದೀರಿ. ಹಳೆಯ ಡೇಟಾ ಫೈಲುಗಳನ್ನು ರಾತ್ರಿ ತಾನಾಗಿಯೇ ಅಳಿಸುವ ಸ್ಕ್ರಿಪ್ಟ್ ಅದರಲ್ಲಿ ಮೊದಲನೆಯದು. ಎಂಟು ವರ್ಷಗಳ ಹಿಂದೆ ನನ್ನ ಪಟ್ಟಿಯಲ್ಲೂ ಅದೇ ಮೊದಲಿತ್ತು. ಆದ್ದರಿಂದ ಉಳಿದ ಹತ್ತೊಂಬತ್ತನ್ನು ಬದಿಗಿಟ್ಟು ಅದರ ಕಥೆಯನ್ನೇ ಹೇಳುತ್ತೇನೆ.

ಆಗ ನಾನು ಬೆಳಗಾವಿಯ ಒಂದು ಪಂಪ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿದ್ದೆ. ಟೆಸ್ಟ್ ಬೆಡ್‌ನ ಡೇಟಾ ಲಾಗರ್ ಒತ್ತಡ, ಹರಿವು ಮತ್ತು ಕಂಪನದ ಅಂಕಿಗಳನ್ನು ಸಿಎಸ್‌ವಿ ಫೈಲುಗಳಾಗಿ ಸರ್ವರಿನ ಒಂದು ಫೋಲ್ಡರಿಗೆ ಸುರಿಯುತ್ತಿತ್ತು. ಎರಡು ಮೂರು ತಿಂಗಳಿಗೊಮ್ಮೆ ಆ ಜಾಗ ತುಂಬಿ ಲಾಗರ್ ನಿಂತುಹೋಗುತ್ತಿತ್ತು. ನನ್ನ ಮೇಜಿನ ಮೇಲಿದ್ದ ಉಬುಂಟು ಲಿನಕ್ಸ್ ಕಂಪ್ಯೂಟರಿನಲ್ಲಿ ಆ ಸರ್ವರನ್ನು ಮೌಂಟ್ ಮಾಡಿಕೊಂಡೆ, ಅಂದರೆ ಅದರ ಡಿಸ್ಕು ನನ್ನಲ್ಲಿ ಒಂದು ಫೋಲ್ಡರಿನಂತೆ ಕಾಣುವ ಹಾಗೆ ಜೋಡಿಸಿಕೊಂಡೆ. ನಿಗದಿತ ಹೊತ್ತಿಗೆ ಕೆಲಸ ಆರಂಭಿಸುವ ಕ್ರಾನ್ ರಾತ್ರಿ 2 ಗಂಟೆಗೆ ಓಡಿಸುವಂತೆ, ನಾವು ಬರೆದ ಆದೇಶಗಳನ್ನು ನಡೆಸುವ ಬ್ಯಾಷ್‌ಗಾಗಿ ಎರಡೇ ಸಾಲಿನ ಸ್ಕ್ರಿಪ್ಟ್ ಬರೆದೆ. ಮೊದಲ ಸಾಲಿನಲ್ಲಿ ಸಿಡಿ ಆದೇಶ, ಸರ್ವರಿನ ಡೇಟಾ ಫೋಲ್ಡರಿನೊಳಗೆ ಹೋಗುವುದಕ್ಕೆ. ಎರಡನೆಯ ಸಾಲಿನಲ್ಲಿ ಫೈಂಡ್ ಆದೇಶ, ಈಗ ನಿಂತಿರುವ ಜಾಗದಲ್ಲಿ 30 ದಿನಕ್ಕಿಂತ ಹಳೆಯದಾದ ಫೈಲುಗಳನ್ನೆಲ್ಲ ಅಳಿಸುವುದಕ್ಕೆ. ‘ಈಗ ನಿಂತಿರುವ ಜಾಗ’ ಎಂಬುದನ್ನು ಒಂದು ಚುಕ್ಕೆಯಿಂದ ಸೂಚಿಸಿದ್ದೆ. ಐದು ತಿಂಗಳು ಅದು ಒಂದು ದಿನವೂ ತಪ್ಪದೆ ಕೆಲಸ ಮಾಡಿತು, ನಾನೂ ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಂಡು ತಿರುಗಿದೆ.

ಮೇ ತಿಂಗಳ ಒಂದು ಸಂಜೆ ಗುಡುಗು ಸಹಿತ ಮಳೆಯಾಗಿ ಕರೆಂಟ್ ಹೋಯಿತು, ಯುಪಿಎಸ್ ಕೂಡ ಬರಿದಾಯಿತು. ರಾತ್ರಿ ಕರೆಂಟ್ ಮರಳಿದಾಗ ನನ್ನ ಕಂಪ್ಯೂಟರ್ ಮಾತ್ರ ತಾನಾಗಿ ಆನ್ ಆಯಿತು, ಏಕೆಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಹಾಗೆ ಹೊಂದಿಸಿದ್ದವನು ನಾನೇ. ಸರ್ವರಿನ ಗುಂಡಿಯನ್ನು ಯಾರಾದರೂ ಕೈಯಾರೆ ಒತ್ತಬೇಕಿತ್ತು, ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರಲಿಲ್ಲ. ಸರ್ವರ್ ಸಿಗದಿದ್ದರೂ ಬೂಟ್ ನಿಲ್ಲಬಾರದೆಂದು ಏನೇನು ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ‘ನೋಫೇಲ್’ ಎಂದು ಬರೆದವನೂ ನಾನೇ. ಹೀಗೆ ನಾನು ಕಲಿತಿದ್ದ ಅನುಕೂಲಗಳೆಲ್ಲ ಒಂದಕ್ಕೊಂದು ಕೈಜೋಡಿಸಿ ರಾತ್ರಿ 2 ಗಂಟೆಯವರೆಗೆ ಬಂದು ನಿಂತವು.

ಇನ್ನು ಮುಂದಿನದನ್ನು ನಿಧಾನವಾಗಿ ಓದಿ. ಸರ್ವರ್ ಮೌಂಟ್ ಆಗಿರದ ಕಾರಣ ಡೇಟಾ ಫೋಲ್ಡರ್ ಇರಲೇ ಇಲ್ಲ, ಸಿಡಿ ಆದೇಶ ವಿಫಲವಾಯಿತು. ಆದರೆ ಒಂದು ಸಾಲು ವಿಫಲವಾದರೆ ಬ್ಯಾಷ್ ನಿಲ್ಲುವುದಿಲ್ಲ; ನಿಲ್ಲು ಎಂದು ನಾವು ಹೇಳಿರದಿದ್ದರೆ ಅದು ಮುಂದಿನ ಸಾಲಿಗೆ ಹೋಗುತ್ತದೆ. ಕ್ರಾನ್ ಯಾವುದೇ ಬಳಕೆದಾರನ ಕೆಲಸವನ್ನು ಆತನ ಸ್ವಂತ ಫೈಲುಗಳಿರುವ ಹೋಮ್ ಫೋಲ್ಡರಿನಲ್ಲಿ ನಿಂತು ಆರಂಭಿಸುತ್ತದೆ. ಅಂದರೆ ಆ ರಾತ್ರಿ ನನ್ನ ಚುಕ್ಕೆಯ ಅರ್ಥ ಸರ್ವರಿನ ಡೇಟಾ ಎಂದಾಗಿರಲಿಲ್ಲ, ನನ್ನ ಹೋಮ್ ಎಂದಾಗಿತ್ತು. ಒಂದು ತಿಂಗಳಿಂದ ಬದಲಾಯಿಸದಿದ್ದ ಪ್ರತಿಯೊಂದು ಫೈಲೂ ಹೋಯಿತು. ‘ಅಂಥ ಫೋಲ್ಡರ್ ಇಲ್ಲ’ ಎಂಬ ದೋಷಸಂದೇಶವನ್ನು ಕ್ರಾನ್ ನನಗೆ ಮೇಲ್ ಮಾಡಲು ನೋಡಿತ್ತು, ಆದರೆ ಕಂಪ್ಯೂಟರಿನಲ್ಲಿ ಮೇಲ್ ಕಳಿಸುವ ವ್ಯವಸ್ಥೆಯೇ ಇಲ್ಲದ್ದರಿಂದ ಅದನ್ನು ಎಸೆದಿದೆ ಎಂಬ ಒಂದು ಸಾಲು ಕಂಪ್ಯೂಟರಿನ ದಿನಚರಿಯಾದ ಸಿಸ್‌ಲಾಗ್‌ನಲ್ಲಿ ಆಮೇಲೆ ಸಿಕ್ಕಿತು.

ಬೆಳಿಗ್ಗೆ ಆದೇಶ ಬರೆಯುವ ಟರ್ಮಿನಲ್ ಕಿಟಕಿ ತೆರೆದಾಗ, ಸಾಲಿನ ಮೊದಲಿಗೆ ಕಾಣುವ ಪ್ರಾಂಪ್ಟ್‌ನ ಬಣ್ಣ ಹೋಗಿತ್ತು. ಬ್ಯಾಷ್‌ನ ಸೆಟ್ಟಿಂಗ್‌ಗಳಿರುವ ಬ್ಯಾಷ್‌ಆರ್‌ಸಿ ಫೈಲೇ ಅಳಿಸಿಹೋಗಿದೆ ಎಂಬುದರ ಸುಳಿವು ಅದು, ಆದರೆ ನನಗೆ ಹೊಳೆಯಲಿಲ್ಲ. ಫೋಲ್ಡರುಗಳೆಲ್ಲ ಅದದೇ ಹೆಸರಿನಲ್ಲಿ ಅಲ್ಲಲ್ಲೇ ಇದ್ದವು, ಏಕೆಂದರೆ ನಾನು ಅಳಿಸಲು ಹೇಳಿದ್ದು ಫೈಲುಗಳನ್ನು ಮಾತ್ರ. ಸಾಲಾಗಿ ಡಬ್ಬಿಗಳಿದ್ದು, ಯಾವುದನ್ನು ತೆರೆದರೂ ಒಂದು ಕಾಳೂ ಇಲ್ಲದ ಅಡುಗೆಮನೆಯ ಹಾಗೆ. ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲ್ಲರ್‌ನ ವ್ಯಾಸ ಕಡಿತದ ಲೆಕ್ಕಪತ್ರಗಳು, ಮೂರು ವರ್ಷಗಳ ಪರ್ಫಾರ್ಮೆನ್ಸ್ ಕರ್ವ್‌ಗಳು, ಬೇರೆ ಯಂತ್ರಗಳಿಗೆ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀಲಿಗಳು, ಯಾವುದೂ ಇರಲಿಲ್ಲ. ಪೈಥಾನ್ ಕೋಡ್ ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಡುವ ಗಿಟ್‌ನಲ್ಲಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡು ಅಲ್ಲಿಗೆ ಹೋದರೆ, ಇದು ಗಿಟ್ ರೆಪಾಸಿಟರಿಯೇ (ಗಿಟ್ ನೋಡಿಕೊಳ್ಳುವ ಫೋಲ್ಡರೇ) ಅಲ್ಲ ಎಂಬ ಉತ್ತರ ಬಂತು. ಗಿಟ್ ತನ್ನ ಇತಿಹಾಸವನ್ನು ಇಡುವುದೂ ಅದೇ ಫೋಲ್ಡರಿನೊಳಗಿನ ಫೈಲುಗಳಲ್ಲಿ. ಹಳೆಯದಾಗಿದ್ದ ಗಿಟ್‌ನ ಹೆಡ್ ಫೈಲ್ ಮತ್ತು ಹಳೆಯ ಕಮಿಟ್‌ಗಳು (ಉಳಿಸಿಟ್ಟ ಆವೃತ್ತಿಗಳು) ಒಟ್ಟಿಗೇ ಹೋಗಿದ್ದವು, ಬೇರೆ ಯಂತ್ರಕ್ಕೆ ನಾನು ಒಮ್ಮೆಯೂ ಅವುಗಳ ನಕಲನ್ನು ಕಳಿಸಿರಲಿಲ್ಲ. ಅಳಿಸಿಹೋದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೋರೆಕ್ ಓಡಿಸಿ ಸಾವಿರಾರು ಫೈಲುಗಳನ್ನು ಹೊರತೆಗೆದೆ, ಆದರೆ ಅವಕ್ಕೆ ಹೆಸರಿರಲಿಲ್ಲ, ಎಫ್ ಅಕ್ಷರದ ಮುಂದೆ ಬರೀ ಅಂಕಿಗಳು. ಆರು ವಾರ ಅವುಗಳನ್ನು ಒಂದೊಂದಾಗಿ ತೆರೆದು ಯಾವ ಪಂಪಿನದು ಎಂದು ಗುರುತು ಹಿಡಿಯುತ್ತಾ ಕುಳಿತೆ.

ಆದ್ದರಿಂದ ಇಪ್ಪತ್ತು ಸ್ಕ್ರಿಪ್ಟ್ ಬೇಕೆಂಬ ನಿಮ್ಮ ಬೇಡಿಕೆಯನ್ನೇ ನಾನು ಒಪ್ಪುವುದಿಲ್ಲ. ಬೇರೆಯವರು ಬರೆದ ಇಪ್ಪತ್ತನ್ನು ತಂದು ಹಾಕಿಕೊಂಡರೆ, ಯಾವುದು ಯಾವಾಗ ಎಲ್ಲಿ ನಿಂತು ಓಡುತ್ತದೆ ಎಂದು ನಿಮಗೇ ತಿಳಿಯದ ಇಪ್ಪತ್ತು ಕೈಗಳು ನಿಮ್ಮ ಡಿಸ್ಕಿನ ಮೇಲೆ ಆಡುತ್ತಿರುತ್ತವೆ. ಒಂದೇ ಕೆಲಸವನ್ನು ಮೂರನೆಯ ಬಾರಿ ಕೈಯಿಂದ ಮಾಡುವಾಗ ಅದಕ್ಕೊಂದು ಸ್ಕ್ರಿಪ್ಟ್ ಬರೆಯಿರಿ, ಅಷ್ಟು ಸಾಕು. ಬ್ಯಾಷ್ ಇತಿಹಾಸದ, ಅಂದರೆ ಹಿಂದೆ ಕೊಟ್ಟ ಆದೇಶಗಳ ಪಟ್ಟಿಯ, ಮಿತಿಯನ್ನು ಒಂದು ಲಕ್ಷ ಸಾಲಿಗೆ ಏರಿಸಿ ಕಂಟ್ರೋಲ್ ಆರ್ ಒತ್ತಿ ಹುಡುಕುವುದನ್ನು ರೂಢಿಸಿಕೊಂಡರೆ, ನೀವು ಕೇಳಿದ ಸ್ಕ್ರಿಪ್ಟ್‌ಗಳಲ್ಲಿ ಅರ್ಧದಷ್ಟು ಬೇಕಾಗುವುದೇ ಇಲ್ಲ. ಫೈಲಿನ ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ತಾರೀಖು ಬರೆದರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಟರ್ಮಿನಲ್‌ನ ಬಣ್ಣ, ಥೀಮ್‌ಗಳ ಬಗ್ಗೆಯೂ ಕೇಳಿದ್ದೀರಿ. ಅದು ಭಾನುವಾರದ ಕೆಲಸ.

ಸ್ಕ್ರಿಪ್ಟ್‌ಗಿಂತ ಮೊದಲು ಬ್ಯಾಕಪ್ ಇರಲಿ. ಫೈಲುಗಳನ್ನು ನಕಲಿಸುವ ಆರ್‌ಸಿಂಕ್‌ನಿಂದ ಪ್ರತಿ ರಾತ್ರಿ ಬೇರೊಂದು ಡಿಸ್ಕಿಗೆ, ಆ ದಿನದ ತಾರೀಖಿನ ಹೊಸ ಫೋಲ್ಡರಿಗೆ ನಕಲು ಹೋಗಬೇಕು. ಲಿಂಕ್‌ಡೆಸ್ಟ್ ಆಯ್ಕೆ ಬಳಸಿದರೆ ಬದಲಾಗದ ಫೈಲುಗಳು ಹಾರ್ಡ್‌ಲಿಂಕ್ (ಹಿಂದಿನ ನಕಲಿಗೇ ಇನ್ನೊಂದು ಹೆಸರು) ಆಗುವುದರಿಂದ, ಪ್ರತಿ ಫೋಲ್ಡರೂ ಪೂರ್ತಿಯಾಗಿ ಕಂಡರೂ ಬದಲಾದ ಫೈಲುಗಳಷ್ಟೇ ಜಾಗ ಹಿಡಿಯುತ್ತವೆ. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ತೆಗೆಯುವ ಡಿಲೀಟ್ ಆಯ್ಕೆ ಹಾಕಿ ಒಂದೇ ನಕಲನ್ನು ಇಟ್ಟುಕೊಂಡಿದ್ದರೆ, ನನ್ನ ಮೇ ತಿಂಗಳ ಅನಾಹುತ ಮರುದಿನ ಬ್ಯಾಕಪ್ ಡಿಸ್ಕಿಗೂ ನಿಷ್ಠೆಯಿಂದ ನಕಲಾಗುತ್ತಿತ್ತು.

ಇಷ್ಟಾದ ಮೇಲೂ ಅಳಿಸುವ ಸ್ಕ್ರಿಪ್ಟ್ ಬೇಕೇ ಬೇಕೆಂದರೆ, ಸಿಡಿ ಬಳಸದೆ ಫೈಂಡ್‌ಗೆ ಪೂರ್ಣ ಪಾಥ್ (ಫೋಲ್ಡರಿನ ಪೂರ್ತಿ ವಿಳಾಸ) ಕೊಡಿ. ಫೋಲ್ಡರ್ ಇಲ್ಲದಿದ್ದರೆ ಅದು ದೋಷ ತೋರಿಸಿ ಸುಮ್ಮನಾಗುತ್ತದೆ. ಯಾವುದೇ ಸಾಲು ವಿಫಲವಾದರೆ ಬ್ಯಾಷ್ ನಿಲ್ಲುವಂತೆ ಮೊದಲ ಸಾಲಿನಲ್ಲಿ ಸೆಟ್ ಮೈನಸ್ ಇ ಎಂದು ಬರೆಯಿರಿ, ಸರ್ವರ್ ಮೌಂಟ್ ಆಗಿದೆಯೇ ಎಂದು ಮೌಂಟ್‌ಪಾಯಿಂಟ್ ಆದೇಶದಿಂದ ಪರೀಕ್ಷಿಸಿ. ಬರೆದದ್ದನ್ನು ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್‌ಗೆ ಕೊಡಿ. ನನ್ನ ಹಳೆಯ ಎರಡು ಸಾಲನ್ನು ಅದಕ್ಕೆ ಕೊಟ್ಟರೆ, ಸಿಡಿ ವಿಫಲವಾದರೆ ಹೊರಬೀಳುವಂತೆ ಬರೆಯಿರಿ ಎಂದು 2164ನೇ ಸಂಖ್ಯೆಯ ಎಚ್ಚರಿಕೆಯನ್ನು ಕ್ಷಣದಲ್ಲಿ ತೋರಿಸುತ್ತದೆ. ಫೈಂಡ್‌ನಲ್ಲಿ ಡಿಲೀಟ್ ಪದ ಸಾಲಿನ ಕೊನೆಯಲ್ಲೇ ಇರಬೇಕು. ಷರತ್ತುಗಳಿಗಿಂತ ಮೊದಲು ಬರೆದರೆ ಹೊಸದು ಹಳೆಯದು ಎನ್ನದೆ ಎಲ್ಲವನ್ನೂ ಅಳಿಸುತ್ತದೆ.

ಮೊದಲ ಒಂದು ವಾರ ಡಿಲೀಟ್ ಇದ್ದ ಜಾಗದಲ್ಲಿ ಪ್ರಿಂಟ್ ಎಂದು ಬರೆದು, ಬರುವ ಹೆಸರುಗಳನ್ನು ಒಂದು ಫೈಲಿಗೆ ಹಾಕಿಸಿ ದಿನಾ ಬೆಳಿಗ್ಗೆ ಓದಿ. ಅದರಲ್ಲಿ ಒಂದು ದಿನ ಬೇಕೆಂದೇ ಸರ್ವರಿನ ಕೇಬಲ್ ಕಿತ್ತಿಟ್ಟು ಮನೆಗೆ ಹೋಗಿ. ಮರುದಿನ ಆ ಪಟ್ಟಿಯಲ್ಲಿ ಒಂದು ಹೆಸರೂ ಇರಬಾರದು.