ಹೆಸರು ಬದಲಿಸಿದರೆ ಸಾಲದು

(ಯಾದಗಿರಿ ಜಿಲ್ಲೆಯ ಓದುಗಿಯೊಬ್ಬರ ಪತ್ರದ ಸಾರ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬಾಲಕಿಯ ಬಗ್ಗೆ ದಿನಪತ್ರಿಕೆಯೊಂದರಲ್ಲಿ ಬಂದ ವರದಿಯಿಂದ ಆಕೆ ಯಾರೆಂದು ಊರಿಗೆಲ್ಲ ತಿಳಿಯಿತು. ಆಕೆ ಶಾಲೆಗೆ ಬರುವುದನ್ನೇ ಬಿಟ್ಟಿದ್ದಾಳೆ. ವಕೀಲರು ತಪ್ಪು ಮಾಡಿದರೆ ಸನ್ನದು (ವೃತ್ತಿ ನಡೆಸುವ ಪರವಾನಗಿ) ಹೋಗುತ್ತದೆ. ಪತ್ರಕರ್ತರ ಸಂಘ ಆ ವರದಿಗಾರನ ಕಾರ್ಡ್ ಏಕೆ ಕಿತ್ತುಕೊಳ್ಳುವುದಿಲ್ಲ?)

ಸೋದರಿ,

ನೀವು ಕಳಿಸಿದ ತುಣುಕನ್ನು ಓದಿ ಸಂಕಟವಾಯಿತು. ಹುಡುಗಿಗೆ ಬೇರೆ ಹೆಸರಿಟ್ಟು ‘ಹೆಸರು ಬದಲಿಸಲಾಗಿದೆ’ ಎಂದು ಹಾಕಿದ್ದಾರೆ. ಮುಂದಿನ ಸಾಲಿನಲ್ಲೇ ಊರು, ಓಣಿ, ತಂದೆಯ ಕಸುಬು, ಓದುವ ಶಾಲೆ, ತರಗತಿ ಎಲ್ಲ ಇವೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಇನ್ನೇನು ಮುಚ್ಚಿದಂತಾಯಿತು? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರನ್ನಷ್ಟೇ ಅಲ್ಲ, ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಕೊನೆಗೆ ಗುರುತು ಹತ್ತಿಸುವ ಯಾವ ವಿವರವನ್ನೂ ಮಾಧ್ಯಮ ಪ್ರಕಟಿಸಬಾರದು ಎನ್ನುತ್ತದೆ. ವರದಿಗಾರನೊಬ್ಬನೇ ಅಲ್ಲ, ಪ್ರಕಾಶಕರೂ ಮಾಲೀಕರೂ ಹೊಣೆ.

ಇನ್ನು ಕಾರ್ಡಿನ ಮಾತು. ಬರೆಯುವುದಕ್ಕೆ ನಮ್ಮಲ್ಲಿ ಸನ್ನದು ಇಲ್ಲ, ಇರಲೂ ಬಾರದು. ಸರ್ಕಾರ ಕೊಟ್ಟದ್ದನ್ನು ಸರ್ಕಾರವೇ ಕಿತ್ತುಕೊಂಡೀತು. ಆಗ ಮೊದಲು ಬಾಯಿ ಕಟ್ಟುವುದು ಆಳುವವರನ್ನು ಪ್ರಶ್ನಿಸುವವರದ್ದು. ಸಂಘದ ಕಾರ್ಡ್ ಬರೀ ಸದಸ್ಯತ್ವದ ಚೀಟಿ. ಡಿ.ವಿ.ಜಿ. ಅವರ ಮುಂದಾಳತ್ವದಲ್ಲಿ 1932ರಲ್ಲಿ ಹುಟ್ಟಿದ ಕಾರ್ಯನಿರತ ಪತ್ರಕರ್ತರ ಸಂಘವೂ ಯಾರಿಂದಲೂ ಲೇಖನಿ ಕಸಿಯಲಾರದು.

ಹಾಗೆಂದು ಸಂಘ ಕೈಕಟ್ಟಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಸದಸ್ಯನ ಮೇಲೆ ಹಲ್ಲೆಯಾದರೆ ಜಿಲ್ಲಾಧಿಕಾರಿ ಕಚೇರಿ ಮುಂದೆ ಧರಣಿ ಕೂರುತ್ತೇವೆ, ಕೂರಲೇಬೇಕು. ಸದಸ್ಯನ ವರದಿಯಿಂದ ಒಂದು ಮಗುವಿನ ಬಾಳಿಗೆ ಪೆಟ್ಟು ಬಿದ್ದಾಗ ಸಭೆಯನ್ನೂ ಕರೆಯುವುದಿಲ್ಲ. ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಹಾರ, ಶಾಲು, ಪ್ರಶಸ್ತಿ ಎಲ್ಲವೂ ಇರುತ್ತವೆ. ಇಂಥ ಒಂದು ತುಣುಕನ್ನು ಮೇಜಿನ ಮೇಲಿಟ್ಟು, ಹೊಸ ಹುಡುಗರನ್ನು ಎದುರಿಗೆ ಕೂರಿಸಿ, ಸಾಲು ಸಾಲಾಗಿ ಏನು ಹೊಡೆದುಹಾಕಬೇಕಿತ್ತು ಎಂದು ಹೇಳಿಕೊಡುವ ಜಿಲ್ಲಾ ಘಟಕ ಬೇಕು. ಕಲಬುರಗಿ, ಬೀದರ್, ಯಾದಗಿರಿಯ ಗೆಳೆಯರಿಗೆ ಇದನ್ನು ಸಂಘದ ಸದಸ್ಯನಾಗಿಯೇ ಹೇಳುತ್ತಿದ್ದೇನೆ.

ತಾಲ್ಲೂಕಿನ ಅರೆಕಾಲಿಕ ವರದಿಗಾರರ ಪಾಡೂ ನನಗೆ ಗೊತ್ತು. ಎಷ್ಟೋ ಜನರಿಗೆ ಸಂಬಳವೆಂಬುದಿಲ್ಲ, ಜಾಹೀರಾತು ತಂದರೆ ಕಮಿಷನ್. ಠಾಣೆಯ ಮುಂದೆ ನಿಂತು ದೂರಿನ ಪ್ರತಿಯನ್ನು ಮೊಬೈಲ್‌ನಲ್ಲಿ ಹಿಡಿದು, ಅದನ್ನೇ ಸುದ್ದಿ ಮಾಡಿ ಕಳಿಸುತ್ತಾರೆ. ಅವರಿಗೆ ಸರಿಯಾದ ವೇತನ ಕೇಳುವುದೂ ಸಂಘದ್ದೇ ಕೆಲಸ. ಆದರೆ ಆ ಸುದ್ದಿ, ವರದಿ ತಿದ್ದುವ ಡೆಸ್ಕ್ ದಾಟಿಯೇ ಅಚ್ಚಿಗೆ ಹೋಗಿದೆ. ಅಲ್ಲಿ ಕೂತು ಸಂಬಳ ಎಣಿಸುವವರು ಶಾಲೆಯ ಹೆಸರನ್ನು ಏಕೆ ತೆಗೆಯಲಿಲ್ಲ? ನನ್ನ ಸಿಟ್ಟು ಹೆಚ್ಚಾಗಿ ಅವರ ಮೇಲೆ.

ನೀವು ಮಾಡಬಹುದಾದದ್ದು: ಮೊದಲು ಆ ಪತ್ರಿಕೆಯ ಸಂಪಾದಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಆಕ್ಷೇಪ ಕಳಿಸಿ, ಪ್ರತಿ ಇಟ್ಟುಕೊಳ್ಳಿ, ಇ-ಪೇಪರ್‌ನಿಂದ ವರದಿ ತೆಗೆಯಲು ಕೇಳಿ. ಉತ್ತರ ಸಮಾಧಾನಕರವಲ್ಲದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ಬರೆಯಿರಿ. ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ 2 ತಿಂಗಳೊಳಗೆ ದೂರು ಸೇರಬೇಕು. ಮಂಡಳಿ ದಂಡ ಹಾಕಲಾರದು. 1978ರ ಪತ್ರಿಕಾ ಮಂಡಳಿ ಕಾಯ್ದೆಯಂತೆ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ಶಿಕ್ಷೆಯೇ ಆಗಬೇಕೆಂದರೆ ಪೊಲೀಸರಿಗೆ ದೂರು ಕೊಡಬೇಕು.

ಇದೆಲ್ಲಕ್ಕಿಂತ ಮೊದಲು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯನ್ನು ಕಾಣಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹುಡುಗಿಯ ಓದು ನಿಲ್ಲಬಾರದು. ನಿಮ್ಮ ಹೆಸರು, ಊರು ಎರಡನ್ನೂ ಇಲ್ಲಿ ಅಚ್ಚು ಮಾಡಿಲ್ಲ. ಅವುಗಳ ಜಾಡು ಹಿಡಿದರೆ ಆಕೆಯ ಮನೆ ಸಿಗುತ್ತದೆ.

– ಸಂಪಾದಕ